ಸ್ಟ್ರೈಕೋ ಬಾಲೋ: ಆಟಗಾರರ ಸಿಟ್ಟು ತಪ್ಪು ತೀರ್ಪಿಗೋ, ಬಾಯಿ ಮುಚ್ಚಿಸಿದ್ದಕ್ಕೋ?

ಬಸವನಗುಡಿ_ಬೇಸ್‌ಬಾಲ್

ಎಲ್ಲರಿಗೂ ನಮಸ್ಕಾರ. 2026ರ ಸೀಸನ್ನಿನಿಂದ ಅಮೆರಿಕದ ಬೇಸ್‌ಬಾಲ್ ಮೇಜರ್ ಲೀಗಿನಲ್ಲಿ ಸ್ಟ್ರೈಕ್, ಬಾಲ್ ತೀರ್ಪನ್ನು ಆಟಗಾರರೇ ಪ್ರಶ್ನಿಸಬಹುದು. ಬ್ಯಾಟರ್ ಬೀಸದೆ ಬಿಟ್ಟ ಚೆಂಡು ಸ್ಟ್ರೈಕ್ ಜೋನ್ ಒಳಗಿದ್ದರೆ ಸ್ಟ್ರೈಕ್, ಹೊರಗಿದ್ದರೆ ಬಾಲ್. ಮೂರು ಸ್ಟ್ರೈಕಿಗೆ ಔಟ್, ನಾಲ್ಕು ಬಾಲಿಗೆ ಪುಕ್ಕಟೆ ಮೊದಲ ಬೇಸ್. ತಲೆ ಮೇಲೆ ಕೈ ತಟ್ಟಿದರೆ ಸಾಕು, ಆಮೇಲೆ ಕ್ಯಾಮೆರಾ ಹೇಳಿದ್ದೇ ಕೊನೆ. ಇದರ ಬಗ್ಗೆ ಒಂದು ವಿಷಯ ಸುಮಾರು ದಿನದಿಂದ ತಲೆ ಕೊರೆಯುತ್ತಿದೆ.

ಮೊದಲು ನನ್ನ ಕಥೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಹೋದ ಬೇಸಿಗೆಯಲ್ಲಿ ಮಗನ ಲೀಗಿನ ಒಂದು ಮ್ಯಾಚಿಗೆ ಅಂಪೈರ್ ಬರಲಿಲ್ಲ. ಅಪ್ಪಂದಿರಲ್ಲಿ ಯಾರಾದರೂ ನಿಲ್ಲಿ ಅಂದರು. ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು. ನಾನು ಸಿಕ್ಕಿಬಿದ್ದೆ. ಯಾರದೋ ಬೆವರು ನಾರುವ ಮಾಸ್ಕ್, ಎದೆಗೆ ದಪ್ಪ ಪ್ಯಾಡ್. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಹಿಂದೆ ಮೊಣಕಾಲು ಬಗ್ಗಿಸಿ ನಿಂತಾಗ ಗೊತ್ತಾಯಿತು, ಅಲ್ಲಿಂದ ಪ್ಲೇಟ್, ಅಂದರೆ ಬ್ಯಾಟರ್ ಪಕ್ಕ ನೆಲದಲ್ಲಿರುವ ಬಿಳಿ ಹಲಗೆ, ಪೂರ್ತಿ ಕಾಣುವುದೇ ಇಲ್ಲ. ಕ್ಯಾಚರ್‌ನ ಹೆಲ್ಮೆಟ್ ಅಡ್ಡ ಬರುತ್ತದೆ. ಅವನಿಗೂ ಬ್ಯಾಟರ್‌ಗೂ ನಡುವಿನ ಸಂದಿಯಲ್ಲಿ ಇಣುಕಬೇಕು. ಹಾಗೆ ಇಣುಕಿದರೆ ಆಚೆ ಮೂಲೆ ಬರೀ ಅಂದಾಜು. ಹನ್ನೊಂದು ವರ್ಷದ ಹುಡುಗರ ಚೆಂಡಿಗೇ ನಾನು ಎರಡು ಸಲ ಕಣ್ಣು ಮುಚ್ಚಿಬಿಟ್ಟೆ.

ಮೂರನೇ ಇನ್ನಿಂಗ್ಸ್. ಆಚೆ ಮೂಲೆಯ ಒಂದು ಚೆಂಡಿಗೆ ಸ್ಟ್ರೈಕ್ ಕೊಟ್ಟೆ. ಅದು ಮೂರನೆಯದು, ಹುಡುಗ ಔಟ್. ಕೈ ಎತ್ತುವಾಗಲೇ ಹೊಟ್ಟೆಯಲ್ಲಿ ಅನುಮಾನ. ಅವನು ತಿರುಗಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಕೋಚ್ 'ಮಾತಾಡಬೇಡ, ಬಾ' ಅಂತ ಕೂಗಿದರು. ಹೋಗಿ ಹೆಲ್ಮೆಟ್ ಕೂಡ ತೆಗೆಯದೆ ಬೆಂಚಿನ ಮೇಲೆ ಕೂತ.

ದೊಡ್ಡವರ ಆಟದಲ್ಲೂ ಇದೇ ಕಥೆ ಅಲ್ವಾ? ಬಾಲ್, ಸ್ಟ್ರೈಕ್ ಬಗ್ಗೆ ವಾದ ಮಾಡುವ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. ಮಾಡಿದರೆ ಮೈದಾನದಿಂದ ಆಚೆ. ಇತ್ತೀಚಿನ ಸೀಸನ್ನುಗಳಲ್ಲಿ ಹೊರಹಾಕಿಸಿಕೊಂಡ ಆಟಗಾರರು, ಮ್ಯಾನೇಜರ್‌ಗಳು, ಕೋಚ್‌ಗಳಲ್ಲಿ ಸುಮಾರು ಶೇ. 60 ಜನರ ಜಗಳ ಬಾಲ್, ಸ್ಟ್ರೈಕ್ ವಿಷಯಕ್ಕೇ. ನನ್ನ ಪ್ರಕಾರ ಆ ಸಿಟ್ಟಿನಲ್ಲಿ ತೀರ್ಪು ತಪ್ಪಾಯಿತು ಅನ್ನುವುದು ಅರ್ಧ. 'ಸ್ವಾಮಿ, ಇನ್ನೊಂದು ಸಲ ನೋಡಿ' ಅಂತ ಕೇಳುವ ದಾರಿಯೇ ಇರಲಿಲ್ಲ ಅನ್ನುವುದು ಇನ್ನರ್ಧ. ನೀವೇನಂತೀರಿ?

ಹುಬ್ಬಳ್ಳಿ_ಹೋಮ್‌ರನ್

ಸರ್, ನಾನು ಹೊಸಬ. ಯೂಟ್ಯೂಬಿನಲ್ಲಿ ಜಗಳದ ಕ್ಲಿಪ್ ನೋಡಿ ನೋಡಿ ಈ ಆಟಕ್ಕೆ ಬಂದವನು. ಆ ಸ್ಟ್ರೈಕ್ ಜೋನ್ ಅಂದರೆ ಏನ್ರೀ? ಟಿವಿಯಲ್ಲಿ ಚೌಕ ಕಾಣಿಸುತ್ತದೆ. ಮೈದಾನದಲ್ಲಿ ಏನೂ ಇಲ್ಲವಲ್ಲ?

ಕರ್ವ್‌ಬಾಲ್_ಕಾವೇರಿ

ಇಲ್ಲ, ಅದೇ ತಮಾಷೆ. ಇಲ್ಲದ ಕಿಟಕಿಯೊಳಗೆ ಚೆಂಡು ಹೋಯಿತೋ ಇಲ್ಲವೋ ಅಂತ ಹೇಳಬೇಕು.

ಅಗಲ ಸುಲಭ. ಹೋಮ್ ಪ್ಲೇಟ್ 17 ಇಂಚು, ಜೋನ್ ಕೂಡ 17 ಇಂಚು. ಚೆಂಡಿನ ಒಂದು ಚೂರು ಅಂಚು ತಾಗಿದರೂ ಸ್ಟ್ರೈಕ್. ತಲೆನೋವು ಇರುವುದು ಎತ್ತರದಲ್ಲಿ. ನಿಯಮದ ಪುಸ್ತಕದ ಪ್ರಕಾರ ಮೇಲಿನ ಗೆರೆ ಭುಜಕ್ಕೂ ಪ್ಯಾಂಟಿನ ಮೇಲಂಚಿಗೂ ಮಧ್ಯ, ಕೆಳಗಿನ ಗೆರೆ ಮೊಣಕಾಲ ಚಿಪ್ಪಿನ ಕೆಳಗಿನ ಗುಳಿ. ಅಂದರೆ ಒಬ್ಬೊಬ್ಬ ಬ್ಯಾಟರ್‌ಗೂ ಕಿಟಕಿ ಬೇರೆ. ಯಾಂಕೀಸ್‌ನ ಆರನ್ ಜಡ್ಜ್ 6 ಅಡಿ 7 ಇಂಚು. ಹ್ಯೂಸ್ಟನ್‌ನ ಹೊಸೆ ಅಲ್ಟೂವೆ 5 ಅಡಿ 6 ಇಂಚು. ಇಬ್ಬರೂ ಒಂದೇ ಮ್ಯಾಚಿನಲ್ಲಿ ಬಂದರೆ ಅಂಪೈರ್ ತಲೆಯೊಳಗೆ ಕಿಟಕಿ ಏರುತ್ತಾ ಇಳಿಯುತ್ತಾ ಇರಬೇಕು. ಜಡ್ಜ್‌ಗೆ ಮೊಣಕಾಲ ಕೆಳಗಿನ ಚೆಂಡಿಗೂ ಸ್ಟ್ರೈಕ್ ಕೊಡುತ್ತಾರೆ ಅನ್ನುವುದು ವರ್ಷಗಳ ದೂರು.

1951ರಲ್ಲಿ ಸೇಂಟ್ ಲೂಯಿ ಬ್ರೌನ್ಸ್ ಮಾಲೀಕ ಬಿಲ್ ವೀಕ್ 3 ಅಡಿ 7 ಇಂಚಿನ ಎಡ್ಡಿ ಗೆಡೆಲ್ ಅನ್ನುವವರನ್ನು ಬ್ಯಾಟಿಂಗಿಗೆ ಕಳಿಸಿದ್ದರು. ಪಿಚರ್ ಪಾಪ ಎಲ್ಲಿಗೆ ಎಸೆಯಬೇಕು? ನಾಲ್ಕು ಚೆಂಡು, ನಾಲ್ಕೂ ಬಾಲ್, ನಡೆದುಕೊಂಡು ಮೊದಲ ಬೇಸಿಗೆ.

ಇದಕ್ಕೆಲ್ಲ ಸಿಗುವ ಸಮಯ ಎಷ್ಟು ಗೊತ್ತಾ? ಗಂಟೆಗೆ 95 ಮೈಲಿಯ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅದೂ ನೇರ ಬರಲ್ಲ, ಕೊನೆಗೆ ತಿರುಗುತ್ತದೆ. ಇಷ್ಟರ ನಡುವೆಯೂ ಮೇಜರ್ ಲೀಗ್ ಅಂಪೈರ್‌ಗಳು 100ಕ್ಕೆ ಸುಮಾರು 94 ಸರಿ ಹೇಳುತ್ತಾರೆ.

ಹುಬ್ಬಳ್ಳಿ_ಹೋಮ್‌ರನ್

94 ಅಂದರೆ ಡಿಸ್ಟಿಂಕ್ಷನ್ ಆಯಿತಲ್ರೀ. ಮತ್ತೆ ಈ ಮಂದಿ ಯಾಕೆ ಬ್ಯಾಟ್ ಮುರೀತಾರೆ?

ಕರ್ವ್‌ಬಾಲ್_ಕಾವೇರಿ

ಒಂದು ಮ್ಯಾಚಿನಲ್ಲಿ ಬ್ಯಾಟ್ ಬೀಸದೆ ಬಿಟ್ಟ ಚೆಂಡು 150ರ ಆಸುಪಾಸು ಇರುತ್ತದೆ. ಅದರಲ್ಲಿ ಶೇ. 6 ಅಂದರೆ ಒಂಬತ್ತು ತಪ್ಪು. ಅದರಲ್ಲಿ ಏಳೆಂಟು ಯಾರಿಗೂ ನೆನಪಿರಲ್ಲ. ಒಂದು ಮಾತ್ರ ಬೇಸ್ ತುಂಬಿರುವಾಗ ಬರುತ್ತದೆ.

ಇನ್ನೊಂದು ಲೆಕ್ಕ. ಒಂದು ಬಾಲ್ ಒಂದು ಸ್ಟ್ರೈಕ್ ಆಗಿದೆ ಅಂತಿಟ್ಟುಕೊಳ್ಳಿ. ಮುಂದಿನ ಚೆಂಡು ಬಾಲ್ ಅಂದರೆ ಬ್ಯಾಟರ್ ರಾಜ. ಅದೇ ಚೆಂಡು ಸ್ಟ್ರೈಕ್ ಅಂದರೆ ಅವನ ಕತ್ತು ಹಗ್ಗದಲ್ಲಿ. ಎರಡು ಸ್ಟ್ರೈಕ್ ಆದ ಮೇಲೆ ಇಡೀ ಲೀಗಿನ ಬ್ಯಾಟಿಂಗ್ ಸರಾಸರಿ .200 (ಹತ್ತು ಸಲಕ್ಕೆ ಎರಡು ಹಿಟ್) ಕೂಡ ದಾಟುವುದಿಲ್ಲ. ಔಟ್ ಆಗಿದ್ದು ಐದನೇ ಚೆಂಡಿಗೆ ಅಂತ ಸ್ಕೋರ್‌ಕಾರ್ಡ್ ಹೇಳುತ್ತದೆ. ಬ್ಯಾಟರ್‌ನ ತಲೆಯಲ್ಲಿ ಮಾತ್ರ ಆ ಮೂರನೇ ಚೆಂಡೇ ಓಡುತ್ತಿರುತ್ತದೆ.

ಮಾರಾಯ್ರೆ_ಮಂಗಳೂರು

ಎಂತ ಮಾರಾಯ್ರೆ, ಆ ಜಗಳವೇ ಅಲ್ವಾ ಈ ಆಟದ ಮಜಾ. ಅಟ್ಲಾಂಟಾ ತಂಡದ ಮ್ಯಾನೇಜರ್ ಆಗಿದ್ದ ಬಾಬಿ ಕಾಕ್ಸ್ 150ಕ್ಕಿಂತ ಜಾಸ್ತಿ ಸಲ ಹೊರಹಾಕಿಸಿಕೊಂಡವರು. ಅದೇ ದಾಖಲೆ. ಸುಮಾರು ಸಲ ತಮ್ಮ ಆಟಗಾರ ಬಾಯಿ ಬಿಟ್ಟು ಹೊರಗೆ ಹೋಗಬಾರದು ಅಂತ ಇವರೇ ಓಡಿ ಬಂದು ನಡುವೆ ನಿಂತು ಬೈಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅಜ್ಜ ಮಾಡಿದ ಹಾಗೆ. ಎಲ್ಲ ಮೆಷಿನ್ ಮಾಡಿದರೆ ಈ ಯಕ್ಷಗಾನ ಯಾರು ಆಡುವುದು?

ಬಸವನಗುಡಿ_ಬೇಸ್‌ಬಾಲ್

ಯಕ್ಷಗಾನ ಅಂದಿರಿ, ಸರಿಯಾಗಿದೆ. ಅದಕ್ಕೂ ಕಟ್ಟುಪಾಡು ಇದೆ. ಬ್ಯಾಟರ್ ಪಿಚರ್ ಕಡೆಗೇ ಮುಖ ಮಾಡಿಕೊಂಡು, ನೆಲ ನೋಡುತ್ತಾ, 'ಅದು ಎಲ್ಲಿತ್ತು?' ಅಂತ ಗೊಣಗಬಹುದು. ಅಂಪೈರ್ ಸಹಿಸುತ್ತಾರೆ. ಹಿಂದೆ ತಿರುಗಿದರೆ ಮುಖ ಬಿಗಿಯುತ್ತದೆ. ಯಾಕೆಂದರೆ ತಿರುಗಿದ ಕೂಡಲೇ ನಲವತ್ತು ಸಾವಿರ ಜನಕ್ಕೆ ಜಗಳ ಕಾಣುತ್ತದೆ. ಚೆಂಡು ಎಲ್ಲಿ ಹೋಯಿತು ಅಂತ ಬ್ಯಾಟಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದರೆ ಮುಗಿಯಿತು, ಬಾಗಿಲು ಅಲ್ಲಿದೆ ಅಂತ ಅರ್ಥ. ಒಂದು ಮಾತೂ ಆಡಬೇಕಿಲ್ಲ.

ಅಂದರೆ ಕೇಳುವ ಆಸೆ ಎಲ್ಲರಿಗೂ ಇದೆ ಅನ್ನುವುದು ಅಂಪೈರ್‌ಗೂ ಗೊತ್ತು. ಕಳ್ಳತನದಲ್ಲಿ ಕೇಳಬೇಕು ಅಷ್ಟೇ.

ಎಲ್‌ಬಿಡಬ್ಲ್ಯು_ಮೇಷ್ಟ್ರು

ನಾನು ಮೈಸೂರಿನವನು, ನಿವೃತ್ತ ಮೇಷ್ಟ್ರು. ಕ್ಲಬ್ ಕ್ರಿಕೆಟ್‌ಗೆ ಇಪ್ಪತ್ತು ವರ್ಷ ಅಂಪೈರ್ ಆಗಿ ನಿಂತಿದ್ದೇನೆ. ಬೇಸ್‌ಬಾಲ್ ನನಗೆ ಅಷ್ಟಕ್ಕಷ್ಟೆ. ಆದರೆ ಈ ನೋವು ಗೊತ್ತು.

ಬಸವನಗುಡಿಯವರೇ, ನೀವು ಆಟಗಾರನ ಕಡೆಯಿಂದ ಹೇಳುತ್ತಿದ್ದೀರಿ. ನಿಂತವನ ಕಡೆಯಿಂದಲೂ ನೋಡಿ. ಕೇಳಲು ಬಿಟ್ಟರೆ ಪ್ರತಿ ಚೆಂಡಿಗೂ ಕೇಳುತ್ತಾರೆ. ಒಮ್ಮೆ ಒಬ್ಬ ಬ್ಯಾಟ್ಸ್‌ಮನ್‌ಗೆ ಪಾಪ ಅಂತ ವಿವರಣೆ ಕೊಟ್ಟೆ. 'ಚೆಂಡು ಒಳಗೆ ಬರುತ್ತಿತ್ತು ಕಣಪ್ಪ' ಅಂದೆ. ಮುಂದಿನ ಒಂದು ಗಂಟೆ ಹನ್ನೊಂದೂ ಜನ ಕೋರ್ಟಿನಲ್ಲಿ ವಕೀಲರ ಹಾಗೆ ನಡೆದುಕೊಂಡರು. ಆಮೇಲೆ ನಾನು ಬಾಯಿ ಬಿಡಲಿಲ್ಲ. ಬೆರಳು ಮಾತ್ರ.

ನಮ್ಮ ಕರ್ನಾಟಕದ ಎ. ವಿ. ಜಯಪ್ರಕಾಶ್ ನೆನಪಿದ್ದಾರಾ? 1999ರ ಫೆಬ್ರವರಿ, ದೆಹಲಿಯ ಕೋಟ್ಲಾ. ಕುಂಬ್ಳೆ ಹತ್ತು ವಿಕೆಟ್ ಕಿತ್ತಾಗ ಅವರ ತುದಿಯಲ್ಲಿ ನಿಂತಿದ್ದವರು. ಅಫ್ರಿದಿಗೆ ತನ್ನ ತೀರ್ಪು ಒಪ್ಪಿಗೆಯಾಗಲಿಲ್ಲ. ಆಗ ರಿವ್ಯೂ ಇರಲಿಲ್ಲ. ಇವತ್ತೂ ಆ ವಿಡಿಯೊ ಕೆಳಗೆ ಜನ ಜಗಳ ಆಡುತ್ತಿರುತ್ತಾರೆ. ಜಯಪ್ರಕಾಶ್ ಬೆರಳು ಎತ್ತಿದ್ದು ಒಂದು ಕ್ಷಣ, ಅದರ ಮಾತು ಕಾಲು ಶತಮಾನ.

ಬಸವನಗುಡಿ_ಬೇಸ್‌ಬಾಲ್

ಮೇಷ್ಟ್ರೇ, ನಿಮ್ಮ ಮಾತಿಗೆ ಬೇಸ್‌ಬಾಲಿನಲ್ಲಿ ಇನ್ನೂ ದೊಡ್ಡ ಉದಾಹರಣೆ ಇದೆ. 1972ರ ಸೆಪ್ಟೆಂಬರ್ 2, ಶಿಕಾಗೋದ ರಿಗ್ಲಿ ಫೀಲ್ಡ್. ಕಬ್ಸ್ ಪಿಚರ್ ಮಿಲ್ಟ್ ಪಪ್ಪಾಸ್, ಎದುರು ಸ್ಯಾನ್ ಡಿಯೇಗೋ. 26 ಬ್ಯಾಟರ್‌ಗಳು ಬಂದರು, 26 ಜನರೂ ಔಟ್. ಇನ್ನೊಬ್ಬ ಔಟಾದರೆ ಪರ್ಫೆಕ್ಟ್ ಗೇಮ್. ಒಬ್ಬ ಪಿಚರ್‌ನ ಜೀವನದಲ್ಲಿ ಒಮ್ಮೆ ಬಂದರೆ ಪುಣ್ಯ.

27ನೆಯವರು ಲ್ಯಾರಿ ಸ್ಟಾಲ್. ಒಂದು ಬಾಲ್, ಎರಡು ಸ್ಟ್ರೈಕ್ ಆಯಿತು. ಒಂದೇ ಒಂದು ಸ್ಟ್ರೈಕ್ ಬಾಕಿ. ಪಪ್ಪಾಸ್ ಮೂರು ಚೆಂಡು ಎಸೆದರು, ಮೂರೂ ಹೊರಮೂಲೆಯ ಹತ್ತಿರ. ಬ್ರೂಸ್ ಫ್ರೊಮಿಂಗ್ ಅನ್ನುವ ಅಂಪೈರ್, ಆಗಿನ್ನೂ ಎರಡನೇ ಸೀಸನ್, ಮೂರಕ್ಕೂ ಬಾಲ್ ಅಂದರು. ನಾಲ್ಕು ಬಾಲ್ ಆಯಿತು, ಸ್ಟಾಲ್ ಮೊದಲ ಬೇಸಿಗೆ ನಡೆದರು. ಪರ್ಫೆಕ್ಟ್ ಗೇಮ್ ಹೋಯಿತು. ಮುಂದಿನ ಬ್ಯಾಟರ್ ಔಟಾಗಿ ನೋ ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಮ್ಯಾಚ್) ಸಿಕ್ಕಿತು, ಸ್ಕೋರು 8-0. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಫ್ರೇಮ್ ಹಾಕಿಸಿ ಗೋಡೆಗೆ ಹಾಕುತ್ತಿದ್ದರು. ಪಪ್ಪಾಸ್ 2016ರಲ್ಲಿ ತೀರಿಕೊಳ್ಳುವ ತನಕ ಆ ಚೆಂಡುಗಳ ವಿಷಯ ಬಿಡಲಿಲ್ಲ. ಫ್ರೊಮಿಂಗ್ ಕೂಡ ತಾನು ಕೊಟ್ಟದ್ದು ಸರಿ ಅನ್ನುವುದನ್ನು ಬಿಡಲಿಲ್ಲ.

ನಾಲ್ಕು ದಶಕ! ಎರಡು ನಿಮಿಷದಲ್ಲಿ ಕ್ಯಾಮೆರಾ ನೋಡಿ 'ಹೌದು, ಬಾಲ್' ಅಂದಿದ್ದರೆ ಪಪ್ಪಾಸ್ ಆ ರಾತ್ರಿಯೇ ಮಲಗಿಬಿಡುತ್ತಿದ್ದರೋ ಏನೋ.

ಮಾರಾಯ್ರೆ_ಮಂಗಳೂರು

ಅಥವಾ ಕ್ಯಾಮೆರಾ ಕಂಪನಿ ಮೇಲೆ ನಲವತ್ತು ವರ್ಷ ಸಿಟ್ಟು ಇಟ್ಟುಕೊಳ್ಳುತ್ತಿದ್ದರು. ಮನುಷ್ಯ ಮನುಷ್ಯನೇ. 2003ರಲ್ಲಿ ಪಿಚರ್ ಕರ್ಟ್ ಶಿಲ್ಲಿಂಗ್ ಮಾಡಿದ್ದು ಗೊತ್ತುಂಟಲ್ಲ? ಅಂಪೈರ್‌ಗಳಿಗೆ ಮಾರ್ಕು ಹಾಕಲು ಮೈದಾನದಲ್ಲಿ ಕ್ವೆಸ್‌ಟೆಕ್ ಅಂತ ಕ್ಯಾಮೆರಾ ಇಟ್ಟಿದ್ದರು. ಅದಕ್ಕೆ ಹೆದರಿ ಅಂಪೈರ್‌ಗಳು ಜೋನ್ ಸಣ್ಣ ಮಾಡಿದ್ದಾರೆ ಅಂತ ಶಿಲ್ಲಿಂಗ್ ಹೋಗಿ ಆ ಕ್ಯಾಮೆರಾವನ್ನೇ ಒಡೆದರು. ದಂಡ ಬಿತ್ತು.

ಸೋಲ್_ಸಿದ್ದ

ಮಂಗಳೂರಿನವರ ಮಾತಿಗೆ ನನ್ನ ಹತ್ತಿರ ಸಾಕ್ಷಿ ಇದೆ. ನಾನು ಕೊರಿಯಾದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ಕೆಬಿಒ ಲೀಗ್ 2024ರಿಂದಲೇ ಪೂರ್ತಿ ಮೆಷಿನ್ನಿಗೆ ಕೊಟ್ಟುಬಿಟ್ಟಿದೆ. ದೊಡ್ಡ ಲೀಗುಗಳಲ್ಲಿ ಇದೇ ಮೊದಲು. ಅಂಪೈರ್ ಕಿವಿಯಲ್ಲಿ ಇಯರ್‌ಫೋನ್. ಮೆಷಿನ್ ಹೇಳಿದ್ದನ್ನು ಅವರು ಜೋರಾಗಿ ಕೂಗುವುದು, ಅಷ್ಟೇ.

ಜಗಳ ನಿಂತಿತಾ? ಮೊದಲ ತಿಂಗಳೇ ನೋಡಿ. ಏಪ್ರಿಲ್ 14, ಡೇಗು ಊರಿನಲ್ಲಿ ಎನ್‌ಸಿ ಡೈನೋಸ್ ಮತ್ತು ಸ್ಯಾಮ್‌ಸಂಗ್ ಲಯನ್ಸ್ ಮ್ಯಾಚ್. ಮೆಷಿನ್ ಸ್ಟ್ರೈಕ್ ಅಂದಿತ್ತು. ಅಂಪೈರ್ ಸ್ಟ್ರೈಕ್ ಅಂತ ಕೂಗಲಿಲ್ಲ. ಡಗೌಟಿನ ಟ್ಯಾಬ್ಲೆಟ್ ನೋಡಿದ ಡೈನೋಸ್ ಮ್ಯಾನೇಜರ್ ಕೆಲವು ಚೆಂಡು ಕಳೆದ ಮೇಲೆ ಬಂದು ಕೇಳಿದರು. ಅಂಪೈರ್‌ಗಳು ಗುಂಪು ಕೂಡಿ ಮಾತಾಡಿದರು. ಮೆಷಿನ್ ಬಾಲ್ ಅಂದ ಹಾಗೆ ಕೇಳಿಸಿತು ಅಂತ ಹೇಳಿಬಿಡೋಣ, ಪಾರಾಗಲು ಅದೊಂದೇ ದಾರಿ ಅನ್ನುವ ಅರ್ಥದ ಮಾತು. ಅದಷ್ಟೂ ಟಿವಿ ಮೈಕಿನಲ್ಲಿ ನೇರ ಪ್ರಸಾರ! ಒಬ್ಬರ ಕೆಲಸವೇ ಹೋಯಿತು.

ಅದೇ ತಿಂಗಳು ರ್ಯು ಹ್ಯುನ್‌ಜಿನ್, ಡಾಡ್ಜರ್ಸ್‌ಗೆ ಆಡಿ ಬಂದ ದೊಡ್ಡ ಪಿಚರ್, ನಿನ್ನೆಯ ಜೋನೇ ಬೇರೆ ಇವತ್ತಿನದೇ ಬೇರೆ ಅಂತ ಮೆಷಿನ್ ಮೇಲೆ ದೂರಿದರು. ಲೀಗಿನವರು ಅಳತೆಗಳನ್ನೆಲ್ಲ ತೆಗೆದು ಪ್ರಕಟಿಸಿದರು. ಆಮೇಲೆ ಹ್ವಾಂಗ್ ಜೇಗ್ಯುನ್ ಮೂರನೇ ಸ್ಟ್ರೈಕಿಗೆ ಸಿಟ್ಟಾಗಿ ಹೆಲ್ಮೆಟ್ ಎಸೆದು ಹೊರಗೆ ಹೋದರು. ತೀರ್ಪು ಕೊಟ್ಟಿದ್ದು ಮೆಷಿನ್. ಹೊರಗೆ ಕಳಿಸಿದ್ದು ಪಕ್ಕದಲ್ಲಿ ನಿಂತ ಮನುಷ್ಯ. ಆ ಅಂಪೈರ್ ಮುಖ ನೋಡಬೇಕಿತ್ತು, 'ನಂದೇನಪ್ಪಾ ತಪ್ಪು' ಅನ್ನುವ ಹಾಗಿತ್ತು.

ಬಸವನಗುಡಿ_ಬೇಸ್‌ಬಾಲ್

ಸಿದ್ದಣ್ಣ, ಇದು ನನ್ನ ವಾದಕ್ಕೇ ಬಲ ಕೊಟ್ಟಿತು ನೋಡಿ. ಕೊರಿಯಾದಲ್ಲಿ ತಪ್ಪು ಕಡಿಮೆಯಾಯಿತು. ಆದರೆ ಬ್ಯಾಟರ್‌ಗೆ ಕೇಳುವ ದಾರಿ ಅಲ್ಲೂ ಇಲ್ಲ. ಮೊದಲು ಮನುಷ್ಯ ಬಾಯಿ ಮುಚ್ಚಿಸುತ್ತಿದ್ದ, ಈಗ ಇಯರ್‌ಫೋನ್.

ಕರ್ವ್‌ಬಾಲ್_ಕಾವೇರಿ

ಅಷ್ಟು ಬೇಗ ಗೆಲ್ಲಬೇಡಿ ಸರ್. ಕೊರಿಯಾದಲ್ಲಿ ಎರಡೂ ತಂಡಕ್ಕೂ ಒಂದೇ ಜೋನ್ ಅಂತ ಅಭಿಮಾನಿಗಳು ಖುಷಿಯಾಗಿದ್ದಾರೆ ಅಂತ ನನ್ನ ಕೊರಿಯನ್ ಸಹೋದ್ಯೋಗಿ ಹೇಳುತ್ತಾಳೆ. ನ್ಯಾಯ ಮುಖ್ಯ ಅಂದರೆ ಎಲ್ಲ ಚೆಂಡೂ ಮೆಷಿನ್ನೇ ನೋಡಲಿ. ಅಮೆರಿಕದಲ್ಲಿ ಒಂದು ತಂಡಕ್ಕೆ ಎರಡೇ ಚಾಲೆಂಜ್ ಅಂತ ರೇಷನ್ ಯಾಕೆ?

ನಾನು ಸಿಯಾಟಲ್‌ನವಳು, ಮ್ಯಾರಿನರ್ಸ್ ಕಡೆ. ಇದನ್ನು ಇನ್ನೂ ಪ್ರಯೋಗ ಮಾಡುತ್ತಿದ್ದಾಗ ನಮ್ಮ ಕ್ಯಾಚರ್ ಕ್ಯಾಲ್ ರಾಲಿ 2025ರ ಜುಲೈ 15ರಂದು ಅಟ್ಲಾಂಟಾದ ಆಲ್‌ಸ್ಟಾರ್ ಮ್ಯಾಚಿನಲ್ಲಿ ಮೊದಲ ಚಾಲೆಂಜ್ ಮಾಡಿದರು. ಪಿಚರ್ ಸ್ಕೂಬಲ್, ಬ್ಯಾಟರ್ ಮಚಾಡೊ, ಎರಡು ಸ್ಟ್ರೈಕ್ ಆಗಿತ್ತು. ಅಂಪೈರ್ ಬಾಲ್ ಅಂದರು. ರಾಲಿ ತಲೆ ತಟ್ಟಿದರು. ದೊಡ್ಡ ಪರದೆಯಲ್ಲಿ ಚೆಂಡು ಬಂತು, ಗೆರೆ ತಾಗಿತು, ಮಚಾಡೊ ಔಟ್. ನನಗಂತೂ ಮೈ ಜುಮ್ಮೆಂದಿತು. ಆದರೆ ರಾಲಿಯಂಥ ಕಣ್ಣು ಇದ್ದವರಿಗೆ ಇದು ಲಾಭ. ಕಣ್ಣು ಮಂದ ಇರುವವನಿಗೆ ಎರಡು ಚಾಲೆಂಜ್ ಎರಡನೇ ಇನ್ನಿಂಗ್ಸಿಗೇ ಖಾಲಿ. ಅದು ನ್ಯಾಯವಾ?

ಎಲ್‌ಬಿಡಬ್ಲ್ಯು_ಮೇಷ್ಟ್ರು

ತಾಯಿ, ಎರಡೇ ಇರುವುದೇ ಒಳ್ಳೆಯದು. ಕೈಯಲ್ಲಿ ಎರಡೇ ರೂಪಾಯಿ ಇದ್ದವನು ಯೋಚಿಸಿ ಖರ್ಚು ಮಾಡುತ್ತಾನೆ. ಡಿಆರ್‌ಎಸ್‌ನಲ್ಲಿ ಹಾಗೇ ಆಯಿತು. 2008ರಲ್ಲಿ ಶ್ರೀಲಂಕಾದಲ್ಲಿ ಮೊದಲು ಪ್ರಯೋಗ ಮಾಡಿದಾಗ ನಮ್ಮ ಕ್ಯಾಪ್ಟನ್ ಕುಂಬ್ಳೆ. ಕೇಳಿದ್ದರಲ್ಲಿ ಹೆಚ್ಚಿನದು ನಮಗೆ ಉಲ್ಟಾ ಹೊಡೆಯಿತು. ಆ ಕಹಿಯಲ್ಲಿ ಭಾರತ ವರ್ಷಗಟ್ಟಲೆ ಡಿಆರ್‌ಎಸ್ ಬೇಡ ಅಂತ ಕೂತಿತು. 2016ರಲ್ಲಿ ಇಂಗ್ಲೆಂಡ್ ಬಂದಾಗ ಒಪ್ಪಿದರು, ಆಗ ಕೋಚ್ ಕುಂಬ್ಳೆಯವರೇ.

ಒಂದು ಪ್ರಶ್ನೆ. ನಮ್ಮಲ್ಲಿ 'ಅಂಪೈರ್ಸ್ ಕಾಲ್' ಅಂತ ಇದೆಯಲ್ಲ, ಚೆಂಡು ಸ್ಟಂಪಿಗೆ ಸ್ವಲ್ಪವೇ ತಾಗುವ ಹಾಗಿದ್ದರೆ ಅಂಪೈರ್ ಹೇಳಿದ್ದು ಉಳಿಯುತ್ತದೆ. ಅಂಥದ್ದು ಅಲ್ಲಿ ಇದೆಯೇ?

ಕರ್ವ್‌ಬಾಲ್_ಕಾವೇರಿ

ಇಲ್ಲ ಮೇಷ್ಟ್ರೇ. ಕೂದಲೆಳೆಯಷ್ಟು ತಾಗಿದರೂ ಸ್ಟ್ರೈಕ್, ಕೂದಲೆಳೆಯಷ್ಟು ತಪ್ಪಿದರೂ ಬಾಲ್. ಕ್ಯಾಮೆರಾ ಎರಡೂ ಕಡೆ ಅದೇ ಹಾಕ್‌ಐ. ಬೇಸ್‌ಬಾಲಿನಲ್ಲಿ ಅಂಪೈರ್ ಮರ್ಯಾದೆಗೆ ಅಂತ ಜಾಗ ಬಿಟ್ಟಿಲ್ಲ.

ಎತ್ತರದ ಜಗಳವನ್ನೂ ಲೆಕ್ಕಕ್ಕೆ ತಂದಿದ್ದಾರೆ. ಆಟಗಾರನ ಎತ್ತರದ ಶೇ. 53.5 ಮೇಲಿನ ಗೆರೆ, ಶೇ. 27 ಕೆಳಗಿನ ಗೆರೆ. ಜಡ್ಜ್‌ಗೆ ಮೇಲಿನ ಗೆರೆ ಸುಮಾರು 42 ಇಂಚು, ಅಲ್ಟೂವೆಗೆ 35. ಬಗ್ಗಿ ನಿಂತು ಕಿಟಕಿ ಸಣ್ಣ ಮಾಡುವ ಹಳೇ ಉಪಾಯ ಇನ್ನು ನಡೆಯಲ್ಲ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ಡಗೌಟಿನಿಂದ ಸನ್ನೆ ಬರುವ ಮೊದಲೇ, ತಕ್ಷಣ ಕೇಳಬೇಕು. ಸರಿಯಾದರೆ ಚಾಲೆಂಜ್ ಉಳಿಯುತ್ತದೆ.

2025ರ ಅಭ್ಯಾಸ ಪಂದ್ಯಗಳಲ್ಲಿ ನೋಡಿದರೆ ಒಂದು ಚಾಲೆಂಜಿಗೆ ಹಿಡಿದದ್ದು ಸರಾಸರಿ 14 ಸೆಕೆಂಡ್ ಒಳಗೆ. ಗೆದ್ದದ್ದು ಶೇ. 52. ಅಂದರೆ ಗ್ಯಾರಂಟಿ ತಪ್ಪು ಅಂತ ತಲೆ ತಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರೇ ತಪ್ಪು.

ಮಾರಾಯ್ರೆ_ಮಂಗಳೂರು

ಹ್ಹಹ್ಹಾ! ಬೈದವರಲ್ಲಿ ಅರ್ಧ ಜನ ಸುಮ್ನೆ ಬೈದದ್ದು ಅಂತಾಯಿತು. ಅಂಪೈರ್‌ಗಳು ಈ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಕಿಸೆಯಲ್ಲಿ ಇಟ್ಟುಕೊಳ್ಳಬೇಕು.

ಎಲ್‌ಬಿಡಬ್ಲ್ಯು_ಮೇಷ್ಟ್ರು

ಈ ಒಂದು ಮಾತು ಕೇಳಲು ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತಿದ್ದೆ.

ಸೋಲ್_ಸಿದ್ದ

ಅರ್ಧ ಜನ ತಪ್ಪು ಅನ್ನುವುದು ನಿಜ. ಆದರೆ ಕೆಲವು ತೀರ್ಪುಗಳಿಗೆ ಕ್ಷಮೆ ಕಷ್ಟ. 2024ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಆಂಹೆಲ್ ಹೆರ್ನಾಂಡೆಸ್ ಅಂಪೈರ್, ಬ್ಯಾಟರ್ ಟೆಕ್ಸಸ್‌ನ ಹೊಸ ಹುಡುಗ ವಯಟ್ ಲ್ಯಾಂಗ್‌ಫರ್ಡ್. ಹೊರಗೆ ಹೋದ ಚೆಂಡಿಗೆಲ್ಲ ಸ್ಟ್ರೈಕ್. ಒಂದಂತೂ ಸುಮಾರು 7 ಇಂಚು ಹೊರಗೆ. ಹೊಸ ಹುಡುಗ, ಬಾಯಿ ಬಿಡುವ ಹಾಗಿಲ್ಲ. ಅವತ್ತು ತಲೆ ತಟ್ಟುವ ಅವಕಾಶ ಇದ್ದಿದ್ದರೆ ಹಿರಿಯ ಕಿರಿಯ ಅನ್ನದೆ ಯಾರು ಬೇಕಾದರೂ ಕೇಳಬಹುದಿತ್ತು. ಈ ವಿಷಯದಲ್ಲಿ ನಾನು ಬಸವನಗುಡಿಯವರ ಕಡೆ. ಹೆರ್ನಾಂಡೆಸ್ ಮುಂದಿನ ತಿಂಗಳೇ ನಿವೃತ್ತರಾದರು.

ಕರ್ವ್‌ಬಾಲ್_ಕಾವೇರಿ

ಅದು ಒಪ್ಪುತ್ತೇನೆ. ಸ್ಟಾರ್ ಗೊಣಗಿದರೆ ಅಂಪೈರ್ ನಗುತ್ತಾರೆ, ಹೊಸಬ ಗೊಣಗಿದರೆ ಎಚ್ಚರಿಕೆ. ತಲೆ ತಟ್ಟುವುದಕ್ಕೆ ಸೀನಿಯಾರಿಟಿ ಬೇಕಿಲ್ಲ. ಇದನ್ನು ನಾನು ಯೋಚಿಸಿರಲಿಲ್ಲ.

ಹುಬ್ಬಳ್ಳಿ_ಹೋಮ್‌ರನ್

ಬಸವನಗುಡಿ ಸರ್, ಆ ಹುಡುಗನ ಕಥೆ ಅರ್ಧಕ್ಕೇ ಬಿಟ್ಟಿರಲ್ಲ. ಆಮೇಲೆ ಏನಾಯಿತು?

ಬಸವನಗುಡಿ_ಬೇಸ್‌ಬಾಲ್

ಅವತ್ತು ಏನೂ ಆಗಲಿಲ್ಲ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

ಈ ಸೀಸನ್ನಿನ ಎರಡನೇ ಮ್ಯಾಚಿಗೂ ಅಂಪೈರ್ ಬರಲಿಲ್ಲ. ಮತ್ತೆ ಅದೇ ಮಾಸ್ಕ್. ಅದೇ ಹುಡುಗ ಬ್ಯಾಟಿಂಗಿಗೆ ಬಂದ. ಎರಡು ಇಂಚು ಉದ್ದ ಬೆಳೆದಿದ್ದಾನೆ. ಹೊರಮೂಲೆಗೆ ಒಂದು ಚೆಂಡು, ನಾನು ಸ್ಟ್ರೈಕ್ ಅಂದೆ. ಅವನು ತಿರುಗಿ ನನ್ನನ್ನು ನೋಡುತ್ತಾ ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿದ. ಟಿವಿ ನೋಡಿ ಕಲಿತದ್ದು. ಬೆಂಚಿನ ಹುಡುಗರೆಲ್ಲ ನಕ್ಕರು. ಅಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? ನಮ್ಮ ಸ್ಕೋರ್‌ಬೋರ್ಡೇ ಸೀಮೆಸುಣ್ಣದ್ದು.

ಕ್ಯಾಚರ್ ನನ್ನ ಮಗನೇ. ಕೆಳಗೆ ಕುಕ್ಕರಗಾಲಲ್ಲಿ ಕೂತವನು ತಲೆ ಎತ್ತದೆ, ಕನ್ನಡದಲ್ಲಿ, 'ಅಪ್ಪಾ, ಹೊರಗಿತ್ತು' ಅಂದ. ತನ್ನದೇ ಪಿಚರ್‌ಗೆ ವಿರುದ್ಧವಾಗಿ! ನಾನು ಬಾಲ್ ಅಂತ ತಿದ್ದಿದೆ. ಈಗ ನಮ್ಮ ಕೋಚ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಮಾರಾಯ್ರೆ_ಮಂಗಳೂರು

ಮಗನೂ ಮಾತು ಬಿಡುವ ಮೊದಲು ಆ ಮಾಸ್ಕ್ ಬೇರೆಯವರಿಗೆ ಕೊಟ್ಟುಬಿಡಿ ಮಾರಾಯ್ರೆ.

ಹುಬ್ಬಳ್ಳಿ_ಹೋಮ್‌ರನ್

ಒಂದು ಕೊನೇ ಪ್ರಶ್ನೆ. ಇದನ್ನೆಲ್ಲ ಲೈವ್ ನೋಡಬೇಕು ಅಂದರೆ ನಾನು ಎಷ್ಟು ಗಂಟೆಗೆ ಏಳಬೇಕ್ರೀ?

ಕರ್ವ್‌ಬಾಲ್_ಕಾವೇರಿ

ನ್ಯೂಯಾರ್ಕಿನ ಸಂಜೆ 7:05ರ ಮ್ಯಾಚ್ ನಿಮಗೆ ಬೆಳಗಿನ ಜಾವ 4:35. ನಮ್ಮ ಸಿಯಾಟಲ್ ರಾತ್ರಿ ಮ್ಯಾಚ್ ನೋಡಿ, ತಿಂಡಿ ಹೊತ್ತಿಗೆ ಬರುತ್ತದೆ.